ಕಿಲೋ ಲೆಕ್ಕ

ಮಡಿಕೇರಿಯ ದೊಡ್ಡಾಸ್ಪತ್ರೆಯಲ್ಲಿ
ಜಾರಿದ್ದನ್ನೆಲ್ಲ ಮೇಲೆತ್ತಿ ಹೊಲಿದು ಎರಡು ವರ್ಷ.
ಮೊನ್ನೆ ಕುಕ್ಕರಗಾಲಲ್ಲಿ ಕೂತಾಗ
ಮತ್ತೆ ಕೈಗೆ ತಾಗಿತು,
ಹೇಳದೆ ಕೇಳದೆ ಬಂದ ನೆಂಟನ ಹಾಗೆ.

ಡಾಕ್ಟರಮ್ಮ ಕೇಳಿದರು, ಎಷ್ಟು ಹೆರಿಗೆ?
ಐದು. ಉಳಿದದ್ದು ಮೂರು.
ಮೊದಲನೆಯದಕ್ಕೆ ಇಕ್ಕಳ ಹಾಕಿದ್ದರು.
ಕೆಮ್ಮು?
ಲೈನುಮನೆಯ ಹೊಗೆಯನ್ನು ಕೇಳಬೇಕು ಅದನ್ನ.
ಆಪರೇಷನ್ ಆದಾಗ ವಯಸ್ಸು?
ನಲವತ್ತೋ ಏನೋ,
ಆನೆ ಬಂದು ನಲ್ಲಿ ಕಿತ್ತ ವರ್ಷ.
ನಿಮ್ಮಮ್ಮನಿಗೂ ಇತ್ತಾ?
ಅವ್ವ ಬಟ್ಟೆ ಬಿಗಿದುಕೊಂಡೇ ಮೆಣಸು ಕೊಯ್ದಳು;
ಅದಕ್ಕೊಂದು ಹೆಸರಿದೆಯೆಂದು ತಿಳಿಯದೆ ಹೋದಳು.

ಭಾರ ಎತ್ತಬೇಡಿ ಅಂತ ಬರೆದಿದ್ದೆವಲ್ಲ?
ಬರೆದಿದ್ದಿರಿ. ಚೀಟಿ ಅಕ್ಕಿ ಡಬ್ಬಿಯಲ್ಲಿದೆ.
ಆದರೆ ಸಿದ್ದಾಪುರದ ತೋಟದಲ್ಲಿ ಸಂಜೆ
ಹಣ್ಣುಕಾಫಿಯ ಚೀಲ ತಾನಾಗಿ ನಡೆದು
ತಕ್ಕಡಿಗೆ ಬರುವುದಿಲ್ಲ.
ರೈಟರು ಪೂವಯ್ಯ ಕೂಗುತ್ತಾನೆ:
ಚೋಮಿ, ಅರವತ್ತೆರಡು!
ಅವನ ಪುಸ್ತಕದಲ್ಲಿ
ಹೊಲಿಗೆಗೆ ಕಾಲಮ್ಮಿಲ್ಲ.

ಇನ್ನೊಮ್ಮೆ ಹೊಲಿಯಬಹುದಂತೆ.
ಅದೂ ನಿಲ್ಲುತ್ತದೆಂದು ಆಣೆ ಇಡಲಾರೆ ಎಂದರು,
ಸುಳ್ಳು ಹೇಳಲಿಲ್ಲ, ಅಷ್ಟು ಹಿಡಿಸಿತು.
ಕೊಯ್ಲು ಮುಗಿಯಲಿ ಎಂದೆ.

ಬಸ್ಸಿನಲ್ಲಿ ಸೀಟು ಖಾಲಿಯಿತ್ತು.
ಚೆಟ್ಟಳ್ಳಿ ತಿರುವುಗಳ ಉದ್ದಕ್ಕೂ
ಕಂಬಿ ಹಿಡಿದು
ನಿಂತೇ ಬಂದೆ.