ಹಳದಿಯ ಕೆಳಗೆ

ಮೂವತ್ತೊಂದು ವರ್ಷ ಗ್ಯಾಸ್ ಮೀಟರ್ ಓದಿದವನು ನಾನು.
ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಬೆನ್ನು ಬಗ್ಗಿಸಿ
ಯಾರದೋ ಮನೆಯ ಅಂಕಿ ಬರೆದುಕೊಂಡು ಬರುವುದೇ ಕೆಲಸ.
ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ:
ಈಗ ದೋಣಿಗಳ ಅಂಕಿ.

ಯುದ್ಧ ಮುಗಿದಾಗ ನೌಕಾಪಡೆ ಮಾರಿಬಿಟ್ಟಿತು
ತನ್ನ ಮೋಟಾರು ದೋಣಿಗಳನ್ನು, ಎಂಜಿನ್ ಕಿತ್ತು,
ಕರುಳು ತೆಗೆದ ಮೀನಿನ ಹಾಗೆ.
ಬಾಂಬಿಗೆ ಮನೆ ಕಳೆದುಕೊಂಡವರು, ಹೊಸದಾಗಿ ಮದುವೆಯಾದವರು
ಕೊಂಡು, ಎಳೆದು ತಂದು, ಮೆಡ್ವೇ ಅಳಿವೆಯ ಕೆಸರಲ್ಲಿ ಕಟ್ಟಿ
ಕಿಟಕಿಗೆ ಪರದೆ ಹಾಕಿದರು.
ಎಷ್ಟು ಉಳಿದಿವೆ, ಎಲ್ಲಿ, ಯಾವ ನಂಬರಿನವು
ಎಂದು ಗೀಟು ಹಾಕಿದ ಪುಸ್ತಕದಲ್ಲಿ ಬರೆಯುತ್ತೇನೆ.
ಹನ್ನೊಂದು ಸಿಕ್ಕಿವೆ. ಮೂರರ ಪಕ್ಕ ಪ್ರಶ್ನೆಚಿಹ್ನೆ.

ಇವತ್ತು ಹನ್ನೆರಡನೆಯದು.

ಹಲಗೆಯ ಕಾಲುದಾರಿ; ಒಂದು ಬಿಟ್ಟು ಒಂದನ್ನು ನಂಬಬಹುದು.
ತುದಿಯಲ್ಲಿ ಮ್ಯೂರಿಯೆಲ್ ಸ್ಟೇಪ್ಲಿ, ಗಂಡಸರ ಸ್ವೆಟರು,
ಕಂಕುಳಲ್ಲಿ ಬೆಕ್ಕು.
"ಬೂಟು ಬಿಚ್ಚಬೇಡಿ, ಒಳಗೂ ಒದ್ದೆಯೇ."

ಅಲೆ ಸೀಳಲೆಂದು ಮಾಡಿದ ಮೂತಿ
ಜೊಂಡಿಗೆ ಮುಖ ಕೊಟ್ಟು ನಿಂತಿದೆ ಎಪ್ಪತ್ತೈದು ವರ್ಷದಿಂದ.
ಓರೆಯಾಗಿ ಹೊದಿಸಿದ ಎರಡು ಪದರ ಮಹಾಗನಿ, ಕಂಚಿನ ತಿರುಪು;
ನಾನು ಬೆರಳಿಟ್ಟು ಎಣಿಸುವಾಗ ಆಕೆ ನಗುತ್ತಾಳೆ:
"ಡಾಕ್ಟರು ಪಕ್ಕೆಲುಬು ತಟ್ಟಿದ ಹಾಗಿದೆ."
ಟಾರ್ಪಿಡೊ ಕೂರುತ್ತಿದ್ದ ತಗ್ಗಿನಲ್ಲಿ ಹುರುಳಿಕಾಯಿ ಹಬ್ಬಿದೆ.
ಫಿರಂಗಿ ತಿರುಗುತ್ತಿದ್ದ ಉಕ್ಕಿನ ಬಳೆಯೊಳಗೆ
ತಗಡಿನ ತೊಟ್ಟಿ ಕೂರಿಸಿ ಆಕೆಯನ್ನು ಮೀಯಿಸುತ್ತಿದ್ದರಂತೆ.
ಎಂಜಿನ್ ಕೋಣೆ ಈಗ ಮಲಗುವ ಕೋಣೆ;
ಬೇಸಿಗೆಯ ಮಧ್ಯಾಹ್ನ ದಿಂಬಿಗೆ ಇನ್ನೂ ಪೆಟ್ರೋಲ್ ವಾಸನೆ.

ಟೀ. ಬಟ್ಟಲು ಮೇಜಿನ ಮೇಲೆ ವಾರೆಯಾಗಿ ನಿಂತಿದೆ,
ಇಳಿತದ ಹೊತ್ತು, ಇಡೀ ಮನೆ ಎಡಕ್ಕೆ ಒರಗಿದೆ.
ಫೈಲು ತೆಗೆದೆ. ಹೇಳಬೇಕೋ ಬೇಡವೋ.
ನನ್ನ ಲೆಕ್ಕ ಸರಿಯಿದ್ದರೆ, ಮಿಸೆಸ್ ಸ್ಟೇಪ್ಲಿ,
ಈ ದೋಣಿಯನ್ನು ನಲವತ್ತಾರರ ಮಾರ್ಚಿನಲ್ಲಿ
ದಂಡೆಗೆಳೆದು ಸುಟ್ಟಿದ್ದಾರೆ.
ಅಧಿಕಾರಿಯ ಸಹಿ ಇದೆ. ಮೊಹರೂ ಇದೆ.

ಆಕೆ ಸಕ್ಕರೆ ಕದಡುತ್ತಲೇ ಇದ್ದಳು.
"ನಾನು ಹುಟ್ಟಿದ್ದು ಐವತ್ತೊಂದರಲ್ಲಿ, ಅಗೋ ಆ ಮೂಲೆಯಲ್ಲಿ.
ಬೂದಿಯಲ್ಲಿ ಹೆತ್ತಳೇನು ನಮ್ಮಮ್ಮ?"

ಹಾಗಾದರೆ ಇದು ಬೇರೆ ದೋಣಿ. ಇಲ್ಲವೇ ಸಹಿ ಸುಳ್ಳು.
ತೀರ್ಪು ಇರುವುದು ಒಂದೇ ಕಡೆ: ನಡುತೊಲೆಯಲ್ಲಿ ಕೊರೆದ ನಂಬರು.
ತೊಲೆ ಅಡುಗೆಮನೆಯ ನೆತ್ತಿಯಲ್ಲಿ, ಬಣ್ಣದ ಮೇಲೆ ಬಣ್ಣ.
"ಕೆರೆದು ನೋಡಿ" ಎಂದು ಚಾಕು ಆಕೆಯೇ ಕೊಟ್ಟಳು.
ಬಿಳಿ ಎದ್ದಿತು: ಗಂಡ ಬಳಿದದ್ದು, ಬಿಟ್ಟುಹೋಗುವ ಹಿಂದಿನ ವಸಂತ.
ಹಸಿರು: ಹಡಗುಕಟ್ಟೆ ಮುಚ್ಚಿದ ವರ್ಷ
ಗೋದಾಮಿನಲ್ಲಿ ಬಿಟ್ಟಿ ಸಿಕ್ಕ ಡಬ್ಬ.
ಅದರಡಿ ಹಳದಿ.
"ಸಾಕು" ಎಂದಳು.

ಮೊಟ್ಟೆಯೊಳಗಿನ ಹಳದಿ, ತುಸು ಮಾಸಿದ್ದು.
ಕುಂಚದ ಒಂದು ಕೂದಲು ಇನ್ನೂ ಅಂಟಿಕೊಂಡಿದೆ.
"ನನ್ನನ್ನು ಹೊತ್ತಾಗ ಅಮ್ಮ ಬಳಿದದ್ದು.
ಯುದ್ಧದ ಬೂದುಬಣ್ಣ ಕಂಡರೆ ವಾಂತಿ ಬರುತ್ತಿತ್ತಂತೆ."

ಉಗುರಿನಷ್ಟು ದಪ್ಪ. ಅದರ ಕೆಳಗೆ ನನ್ನ ಹನ್ನೆರಡನೆಯದು.
ಚಾಕು ಮಡಚಿದೆ.

ಪುಸ್ತಕದ ಹಾಳೆ ಹರಿದು, ಹಳದಿಗೆ ಒತ್ತಿ ಹಿಡಿದು,
ಪೆನ್ಸಿಲನ್ನು ಮಲಗಿಸಿ ಉಜ್ಜಿದೆ, ಮಕ್ಕಳು ನಾಣ್ಯ ಉಜ್ಜುವ ಹಾಗೆ.
ಆಕೆ ಸ್ಟೂಲು ಹಿಡಿದುಕೊಂಡಿದ್ದಳು.
ನಾಲ್ಕು ಬಂತು. ಕೊನೆಯಲ್ಲಿ ಸೊನ್ನೆ ಬಂತು.
ನಡುವಿನದು ಒಂದೋ, ಏಳೋ.
ಒಂದಾದರೆ ಸುಟ್ಟದ್ದು.
ಏಳಾದರೆ ನನ್ನ ಪಟ್ಟಿಯಲ್ಲೇ ಇಲ್ಲದ್ದು.

ಕಿಟಕಿಯ ಬೆಳಕಿಗೆ ಹಿಡಿದೆವು, ಕನ್ನಡಕ ಅದಲುಬದಲು ಮಾಡಿಕೊಂಡೂ ನೋಡಿದೆವು.
"ಏಳು" ಎಂದಳು. ಸ್ವಲ್ಪ ಹೊತ್ತು ಬಿಟ್ಟು,
"ಒಂದೂ ಇರಬಹುದು."

ಅಷ್ಟರಲ್ಲಿ ತಳದಲ್ಲೆಲ್ಲೋ ಕೆಸರು ಬಾಯಿ ಚಪ್ಪರಿಸಿತು.
ಗೂಟದ ಹಗ್ಗ ನರಳಿತು.
ವಾರೆ ನಿಂತ ಬಟ್ಟಲು ನಿಧಾನ ನೆಟ್ಟಗಾಯಿತು;
ಸುಟ್ಟದ್ದೋ ಸುಡದ್ದೋ ಕೇಳದೆ ನೀರು ಎತ್ತಿಕೊಂಡಿತ್ತು.

"ಇನ್ನು ನಾಲ್ಕು ಗಂಟೆ ನೀವು ಹೋಗುವಂತಿಲ್ಲ, ಹಲಗೆ ಮುಳುಗುತ್ತದೆ.
ಹುರುಳಿಕಾಯಿ ನಾರು ತೆಗೆಯಲು ಬರುತ್ತದೆಯೇ?"