ಸೋರಿಕೆ

ಔಲು ಪಟ್ಟಣದ ಅರ್ಧ ಮನೆಗಳಿಗೆ ನಲ್ಲಿ ಕೂರಿಸಿದ ಕೈ ಇದು,
ಆದರೂ ನಿನ್ನೆ ರಾತ್ರಿ ನಡುಗಿತು.
ಬೆರಳು ದಪ್ಪದ ತಾಮ್ರದ ಕೊಳವೆ,
ಏಳು ಬಾಗು, ಹದಿನಾಲ್ಕು ಕೀಲು,
ಒಂದು ಹನಿ ಹಾದಿ ತಪ್ಪಿದರೆ
ಗ್ರಾಫಿಕ್ಸ್ ಕಾರ್ಡು ಎಂಬ ಎರಡು ಚಳಿಗಾಲದ ಓವರ್‌ಟೈಮು
ನೀರುಪಾಲು.

ಕೀಲು ಕೀಲಿನ ಕೆಳಗೂ ಟಿಶ್ಯೂ ಹಾಸಿ
ಪಂಪನ್ನಷ್ಟೇ ಓಡಿಸಿ
ಹಾಲು ಉಕ್ಕದಂತೆ ಕಾಯುವವರ ಹಾಗೆ ಸ್ಟೂಲಿನ ಮೇಲೆ ಕೂತೆ.
'ಮಗಳು ಹುಟ್ಟಿದ ರಾತ್ರಿ ಗೊರಕೆ ಹೊಡೆದವನು ನೀನು'
ಎಂದು ಐಲಾ ದೀಪ ಆರಿಸಿದಳು.

ಬೆಳಗಾಯಿತು ಎಂದಿತು ಗಡಿಯಾರ, ಕಿಟಕಿ ಒಪ್ಪಲಿಲ್ಲ.
ಟಿಶ್ಯೂ ಗರಿಗರಿ.

ಆನ್ ಮಾಡಿದೆ. ಸದ್ದೇ ಇಲ್ಲ.
ಹುಲ್ಲಿನ ಎಸಳೆಸಳೂ ಬೇರೆ ಬೇರೆ ತೂಗುವ ಆ ನಾಡಿನಲ್ಲಿ
ನಲವತ್ತನೇ ಮಟ್ಟದ ಮಾಂತ್ರಿಕ ನಾನು
ಕುದುರೆ ಇಳಿದೆ.
ಬಾವಿಕಟ್ಟೆಯ ಮುದುಕಿ ಕೈಯೆತ್ತಿ ಕರೆದಳು:
'ನೀರು ಬತ್ತಿದೆ ಅಯ್ಯಾ, ತಳದಲ್ಲೊಬ್ಬ ರಾಕ್ಷಸ.'

ಬಗ್ಗಿ ನೋಡಿದೆ.
ರಾಕ್ಷಸ ಗೀಕ್ಷಸ ಆಮೇಲೆ,
ಕಲ್ಲಿನ ಸಂದಿನಲ್ಲಿ ಕುರುಡನಿಗೂ ಕಾಣುವಂಥ ಬಿರುಕು!
ಚೀಲ ತಡಕಿದೆ. ಬೆಂಕಿಯ ಮಂತ್ರ ಮೂರು, ಸಿಡಿಲಿನದೊಂದು,
ಅರಸರನ್ನು ಕೊಂದ ಕತ್ತಿ,
ಯಾವ ಯಾವುದೋ ಛತ್ರಗಳಿಂದ ಎತ್ತಿಕೊಂಡು ಬಂದ
ಒಂಬತ್ತು ಚಮಚ.
ಸ್ಪ್ಯಾನರ್ ಇಲ್ಲ.

ಅಷ್ಟರಲ್ಲಿ ಫೋನು. ಹೌತಮಾಕಿ ಅಜ್ಜಿ.
ಹೊರಗೆ ಮೈನಸ್ ಇಪ್ಪತ್ತಾರು,
ಪೈಪು ಒಡೆದು ಅಡುಗೆಮನೆ ಕೆರೆಯಾಗಿದೆಯಂತೆ.
ಬೂಟು ಏರಿಸುತ್ತ ತಿರುಗಿ ನೋಡಿದೆ:
ನಿಲ್ಲಿಸಿದ ಆಟದೊಳಗೆ
ಮುದುಕಿಯ ಎತ್ತಿದ ಕೈ ಎತ್ತಿದ ಹಾಗೇ ಇದೆ.
'ಸರದಿ ಪ್ರಕಾರ ಬರ್ತೇನಮ್ಮಾ' ಎಂದೆ,
ಗಟ್ಟಿಯಾಗಿಯೇ.