ಕಳೆದ ಏಳು ದಿನ

ನೀಲಿ ರಟ್ಟಿನ ಫಾರಂ. ಇಪ್ಪತ್ತೊಂದು ಪ್ರಶ್ನೆ.
ಒಂದೊಂದರ ಮುಂದೆ ಐದು ಮುಖ,
ನಗುವವನಿಂದ ಹಿಡಿದು ಅಳುವವನವರೆಗೆ.
ಪೆನ್ಸಿಲಿನ ತುದಿ ಕಚ್ಚಿಕೊಂಡು ಜಂಚಿವ್ ಕೇಳುತ್ತಾನೆ,
"ಈ ನಡುವಿನವನು ಯಾರು?
ನಗೋದೂ ಇಲ್ಲ, ಅಳೋದೂ ಇಲ್ಲ,
ನಮ್ಮ ಸೋದರಮಾವ ಇದ್ದ ಹಾಗಿದ್ದಾನೆ."

ಒಂಬತ್ತು ವರ್ಷ. ಹುಟ್ಟಿದಾಗಿನಿಂದ
ಹೃದಯದ ಗೋಡೆಯಲ್ಲೊಂದು ತೂತು.
ತುಟಿಯಂಚಿಗೆ ಶಾಯಿ ತಾಗಿದಂಥ ನೀಲಿ.
ಅರ್ವೈಹೇರ್ ಆಸ್ಪತ್ರೆಯ ಈ ಕೋಣೆಗೆ
ನೂರಿಪ್ಪತ್ತು ಕಿಲೋಮೀಟರು ಹುಲ್ಲು ದಾಟಿ ಬಂದಿದ್ದಾರೆ.
ತಾಯಿ ಸರಂಗೆರೆಲ್ ಪಕ್ಕದ ಕೋಣೆಯಲ್ಲಿ
ಇದೇ ಫಾರಂನ ಇನ್ನೊಂದು ಪ್ರತಿ ತುಂಬುತ್ತಿದ್ದಾಳೆ,
'ನಿಮ್ಮ ಮಗುವಿಗೆ' ಎಂದು ಶುರುವಾಗುವುದು.

ಮೊದಲ ಪ್ರಶ್ನೆ ಎಲ್ಲೋ ದೂರದ ಊರಲ್ಲಿ ಹುಟ್ಟಿದ್ದು:
'ಒಂದು ಬೀದಿಯಷ್ಟು ನಡೆಯಲು ಕಷ್ಟವಾಯಿತೆ?'
ರಾಜಧಾನಿಯಲ್ಲಿ ನಾವು ಆರು ಜನ
ಎರಡು ದಿನ ಜಗಳಾಡಿ ಬೀದಿಯನ್ನು ಹೊಡೆದುಹಾಕಿ
'ಮನೆಯಿಂದ ಕುದುರೆ ಕಟ್ಟುವ ಹಗ್ಗದವರೆಗೆ' ಎಂದು ಬರೆದೆವು.
ಹೆಮ್ಮೆಯಿತ್ತು ನನಗೆ.
"ಯಾವ ಮನೆ?" ಅನ್ನುತ್ತಾನೆ.
"ಮೊದಲಿದ್ದಲ್ಲಿಂದಲೋ, ಈಗಿರೋ ಕಡೆಯಿಂದಲೋ?
ಮಂಗಳವಾರ ಮನೆ ಬಿಚ್ಚಿ ಒಂಟೆಗೆ ಹೇರಿದ್ವಿ."
ಕಳೆದ ಏಳು ದಿನಗಳಲ್ಲಿ
ಅವನ ಮನೆಯೇ ಅವನಿಗಿಂತ ಹೆಚ್ಚು ನಡೆದಿದೆ.

'ಓಡಲು ಕಷ್ಟವಾಯಿತೆ?'
ಬಾಗಿಲ ಕಡೆ ಒಮ್ಮೆ ನೋಡಿದ.
"ಇದು ಅಮ್ಮನಿಗೆ ಗೊತ್ತಾಗುತ್ತಾ?"
ಇಲ್ಲ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿದೆ,
ನಾನೇ ಓದಿ ಹೇಳಿದ್ದೆ.
"ನಾನು ಓಡಲ್ಲ. ಕಂದು ಕುದುರೆ ಓಡತ್ತೆ.
ಅಮ್ಮ ಹಾಲು ಕರೆಯೋಕೆ ಕೂತಾಗ, ಗುಡ್ಡದ ಹಿಂದೆ.
ನಾನು ಸುಮ್ನೆ ಕೂತಿರ್ತೀನಿ."

ಸುಮ್ಮನೆ ಕೂತಿರುತ್ತಾನಂತೆ!
ನಗುವ ಮುಖಕ್ಕೆ ಸುತ್ತು ಹಾಕಿದ, ಎರಡು ಸಲ,
ಕಾಗದ ಹರಿಯುವಷ್ಟು ಒತ್ತಿ.

ಉಳಿದದ್ದು ಬೇಗ ಮುಗಿಯಿತು. ಹೆದರಿಕೆ? ಇಲ್ಲ.
ನಿದ್ದೆ? ಬರುತ್ತೆ.
'ಬೇರೆ ಮಕ್ಕಳು ಆಟಕ್ಕೆ ಕರೆಯುತ್ತಾರೆಯೇ?'
ಅಲ್ಲಿ ಮಾತ್ರ ಪೆನ್ಸಿಲು ನಿಂತಿತು.
"ಮೇಕೆಮರಿ ಲೆಕ್ಕಕ್ಕೆ ಬರುತ್ತಾ?"
ಬರುತ್ತೆ ಅಂದೆ. ಕೈಪಿಡಿಯಲ್ಲಿ ಹಾಗೇನೂ ಇಲ್ಲ.

ಸಂಜೆ ಕೂಡಿ ನೋಡಿದೆ. ನೂರಕ್ಕೆ
ಮಗ ಎಂಬತ್ತೊಂದು, ತಾಯಿ ಮೂವತ್ತೇಳು.
ಅವಳ ಹಾಳೆಯಲ್ಲಿ, ಓಡುವುದು ಎಂಬ ಸಾಲಿನಲ್ಲಿ
ಅಳುವ ಮುಖಕ್ಕೆ ಸುತ್ತು. ಅಂಚಿನಲ್ಲಿ ಸಣ್ಣಕ್ಷರ:
ರಾತ್ರಿ ಎದ್ದು ಅವನ ಉಸಿರು ಎಣಿಸುತ್ತೇನೆ,
ಇದನ್ನು ಎಲ್ಲಿ ಬರೆಯಲಿ?

ಇಬ್ಬರೂ ಸರಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ.
ಡಾಕ್ಟರಿಗೆ ಹೇಳಲೇ ಕುದುರೆಯ ಸುದ್ದಿ?
ಹೇಳಿದರೆ ಲಗಾಮು ಬೀಳುವುದು ಯಾರಿಗೆ?
ಹೇಳದಿದ್ದರೆ
ಟೀ ಆರಿಹೋಗಿದೆ. ಉಪ್ಪು ಜಾಸ್ತಿ.

ಎಂಬತ್ತೊಂದರಲ್ಲಿ ಮೂವತ್ತೇಳು ಕಳೆದರೆ ನಲವತ್ತನಾಲ್ಕು.
ಬರೆದು, ಅಳಿಸಿ, ಮತ್ತೆ ಬರೆದೆ.
ಅಷ್ಟಗಲದ ಹುಲ್ಲಿನ ಮೇಲೆ, ಗುಡ್ಡದ ಹಿಂದೆ,
ಒಬ್ಬ ಹುಡುಗ
ಸುಮ್ಮನೆ ಕೂತಿದ್ದಾನೆ.